ಕಲಬುರಗಿಯಲ್ಲಿ ರಾಮೆನ್ ತಿಂದು ಬಂದ ಮೇಲೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಾರ್ಚಿನ ಒಂದು ಶನಿವಾರ ರಾತ್ರಿ ನಾನು, ನನ್ನ ಹೆಂಡತಿ, ಬೆಂಗಳೂರಿನಿಂದ ಬಂದಿದ್ದ ಅಣ್ಣನ ಮಗಳು ಮೂವರೂ ಕಲಬುರಗಿಯ ಒಂದು ಹೊಸ ರಾಮೆನ್ ಹೋಟೆಲಿಗೆ ಹೋದೆವು. ರಾಮೆನ್ ಚೆನ್ನಾಗಿರಲಿಲ್ಲ, ಆದರೂ 1866 ರೂಪಾಯಿ ಕೊಟ್ಟು ಹೊರಗೆ ಬಂದೆವು. ಬರುವ ದಾರಿಯಲ್ಲಿ ಬಂಡಿ ಹತ್ತಿರ ನಿಂತು ಮಿರ್ಚಿ ಭಜಿ ತಿಂದು ಮನೆ ಸೇರಿದೆವು.

ಇದನ್ನು ನಾಲ್ಕು ಜನರ ಮುಂದೆ ಹೇಳಿದ್ದೇ ತಪ್ಪಾಯಿತು. ಅವತ್ತಿನಿಂದ ಆಫೀಸಿನಲ್ಲಿ, ಮದುವೆ ಮನೆಯಲ್ಲಿ, ಅಪ್ಪನ ಕೆರೆ ಹತ್ತಿರ ವಾಕಿಂಗ್ ಹೋದಾಗ, ಎಲ್ಲ ಕಡೆ ಅವೇ ಪ್ರಶ್ನೆಗಳು. ಕೆಲವರು ನಗಾಡಲು ಕೇಳಿದರು, ಕೆಲವರು ನಿಜವಾಗಿ ತಿಳಿದುಕೊಳ್ಳಲು. ಒಬ್ಬರು ಎರಡು ಪುಟದ ಪತ್ರವನ್ನೇ ಬರೆದರು. ಪ್ರತಿ ಸಲ ಮೊದಲಿನಿಂದ ಹೇಳಿ ಸಾಕಾಗಿದೆ. ಅದಕ್ಕೆ ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನಿಟ್ಟು, ಗೊತ್ತಿರುವಷ್ಟು ಉತ್ತರ ಬರೆದಿದ್ದೇನೆ.

## ಮೊದಲಿಗೆ ಎಲ್ಲರೂ ಕೇಳುವವು

ರಾಮೆನ್ ಅಂದ್ರೆ ಮ್ಯಾಗಿನೇ ಅಲ್ಲೇನ್ರಿ? ಅದಕ್ಕ್ಯಾಕ ಐನೂರು ರೂಪಾಯಿ?

ಸಂಬಂಧ ಇದೆ, ಆದರೆ ಒಂದೇ ಅಲ್ಲ. ರಾಮೆನ್ ಅಂದರೆ ಜಪಾನಿನ ಗೋಧಿ ನೂಡಲ್ಸ್ ಮತ್ತು ಸಾರು. ಚೀನಾದಿಂದ ಬಂದವರು ಜಪಾನಿನ ಬಂದರು ಊರುಗಳಿಗೆ ತಂದ ತಿಂಡಿ ಇದು. 1910ರಲ್ಲಿ ಟೋಕಿಯೋದ ಅಸಾಕುಸಾದಲ್ಲಿ ರೈರೈಕೆನ್ ಅನ್ನುವ ಅಂಗಡಿ ಶುರುವಾದ ಮೇಲೆ ಜನಸಾಮಾನ್ಯರ ಊಟವಾಯಿತು. ಕೂಲಿಯವರು, ವಿದ್ಯಾರ್ಥಿಗಳು ಗಬಗಬ ತಿಂದು ಎದ್ದು ಹೋಗುವ ಊಟ. ನಮ್ಮಲ್ಲಿ ಸುಸಲಾ ಇದ್ದ ಹಾಗೆ ಅಂದುಕೊಳ್ಳಿ.

ಪೊಟ್ಟಣದ ನೂಡಲ್ಸ್ ಆಮೇಲೆ ಬಂದಿದ್ದು. ಮೊಮೊಫುಕು ಆಂಡೊ ಅನ್ನುವವರು 1958ರಲ್ಲಿ ಎಣ್ಣೆಯಲ್ಲಿ ಕರಿದು ಒಣಗಿಸಿದ ರಾಮೆನ್ ಮಾರುಕಟ್ಟೆಗೆ ತಂದರು. ತಮಾಷೆ ಏನಂದರೆ, ಅವತ್ತು ಅದರ ಬೆಲೆ 35 ಯೆನ್, ಹಸಿ ಉದೊನ್ ನೂಡಲ್ಸಿಗೆ 6 ಯೆನ್. ಪೊಟ್ಟಣದ್ದೇ ದುಬಾರಿ! ನಮ್ಮ ಮ್ಯಾಗಿ ಈ ಪೊಟ್ಟಣದ ವಂಶದ್ದು.

ಹಾಗಾದರೆ ಐನೂರು ಯಾಕೆ? ಸರಿಯಾಗಿ ಮಾಡಿದರೆ ಅದರ ಹಿಂದೆ ಅರ್ಧ ದಿನದ ಕೆಲಸ ಇರುತ್ತದೆ. ಆ ಕೆಲಸಕ್ಕೆ ದುಡ್ಡು ಕೊಡಲು ನನ್ನ ತಕರಾರಿಲ್ಲ. ಕೆಲಸ ಮಾಡದೆ ಅದರ ರೇಟು ಹಾಕಿದ್ದಕ್ಕೆ ತಕರಾರು.

ಕೊರಿಯಾದ ಸೀರಿಯಲ್‌ನಾಗ ಹುಡುಗ್ಯಾರು ಪಾತ್ರೆದಾಗೇ ತಿಂತಾರಲ್ಲ, ಇದು ಅದೇನಾ?

ಅಲ್ಲ. ಅದು ರಾಮ್ಯನ್. ಕೊರಿಯಾದಲ್ಲಿ ಆ ಹೆಸರು ಹೇಳಿದರೆ ಸಾಮಾನ್ಯವಾಗಿ ಪೊಟ್ಟಣದ ಖಾರದ ನೂಡಲ್ಸೇ. ಅಣ್ಣನ ಮಗಳು ನಮ್ಮನ್ನು ಕರೆದುಕೊಂಡು ಹೋಗಿದ್ದೂ ಇದೇ ಗೊಂದಲದಿಂದ. ಹೋಟೆಲಿನವರಿಗೂ ಆ ಗೊಂದಲ ಇತ್ತು ಅನ್ನಿಸುತ್ತದೆ. ಗೋಡೆಯ ಮೇಲೆ ಜಪಾನಿನ ಅಲೆಯ ಚಿತ್ರ, ಸ್ಪೀಕರಿನಲ್ಲಿ ಕೊರಿಯನ್ ಹಾಡು, ಮೆನುವಿನ ಕೊನೇ ಪುಟದಲ್ಲಿ ಪನೀರ್ ಟಿಕ್ಕಾ.

ಅಂಥಾದ್ದೇನ್ ಕೆಟ್ಟದಿತ್ತು? ಸುಮ್ನೆ ದೊಡ್ಡದು ಮಾಡ್ತೀರಿ ಅನಸ್ತದ.

ಬಟ್ಟಲು ಕಣ್ಣ ಮುಂದೆ ಇಟ್ಟುಕೊಂಡೇ ಹೇಳುತ್ತೇನೆ.

ಕಪ್ಪು ಮಣ್ಣಿನ ದೊಡ್ಡ ಬಟ್ಟಲು ಬಂತು. ನೋಡಲು ಚಂದ. ಆದರೆ ಹೊಗೆ ಏಳಲಿಲ್ಲ. ಸಾರಿನ ಮೇಲೆ ತೆಳ್ಳಗೆ ಕೆನೆ ಕಟ್ಟಿತ್ತು, ಆರಿದ ಚಹಾದ ಮೇಲೆ ಕಟ್ಟುತ್ತದಲ್ಲ ಹಾಗೆ. ಕಡ್ಡಿಯಿಂದ ನೂಡಲ್ಸ್ ಎತ್ತಿದರೆ ಎಳೆ ಎಳೆಯಾಗಿ ಬರಲಿಲ್ಲ. ಇಡೀ ಮುದ್ದೆ ಒಟ್ಟಿಗೇ ಎದ್ದು, ಟಪ್ ಅಂತ ವಾಪಸ್ ಬಿದ್ದು, ನನ್ನ ಅಂಗಿಗೆ ಎರಡು ಹನಿ ಸಿಡಿಯಿತು. ಮೊಟ್ಟೆ ಅರ್ಧ ಕತ್ತರಿಸಿ ಇಟ್ಟಿದ್ದರು, ಹಳದಿಯ ಸುತ್ತ ಹಸಿರು ಉಂಗುರ. ಮೊಟ್ಟೆ ಜಾಸ್ತಿ ಹೊತ್ತು ಬೆಂದಾಗ ಬಿಳಿಯಲ್ಲಿರುವ ಗಂಧಕ, ಹಳದಿಯಲ್ಲಿರುವ ಕಬ್ಬಿಣ ಸೇರಿ ಆ ಬಣ್ಣ ಬರುತ್ತದೆ. ಕೋಳಿ ತುಂಡು ಬೆಳ್ಳಗೆ, ಒಣಗಿದ ರೊಟ್ಟಿಯಂತೆ. ಸಾರಿನ ರುಚಿ? ಸೋಯಾ ಸಾಸ್, ಉಪ್ಪು, ಕಾರ್ನ್‌ಫ್ಲೋರ್. ಚೈನೀಸ್ ಬಂಡಿಯ ಮಂಚೌ ಸೂಪಿನಲ್ಲಿ ಇದಕ್ಕಿಂತ ಜೀವ ಇರುತ್ತದೆ, ಕನಿಷ್ಠ ಕುದಿಯುತ್ತಾದರೂ ಇರುತ್ತದೆ.

ಹೆಂಡತಿಯ ವೆಜ್ ಮಿಸೊ ರಾಮೆನ್ ಇದೇ ಸಾರು, ಮೇಲೆ ಸಿಹಿ ಮೆಕ್ಕೆಜೋಳ. ಎರಡೂ ಬಟ್ಟಲಿನಿಂದ ಒಂದೊಂದು ಚಮಚ ಕುಡಿದು ನೋಡಿದೆವು. ಬೇರೆ ಬೇರೆ ಹೆಸರು, ಒಂದೇ ನೀರು.

ಒಂದು ತಪ್ಪು ನಮ್ಮದೂ ಇದೆ. ಬಟ್ಟಲು ಬಂದ ಮೇಲೆ ಮೂರ್ನಾಲ್ಕು ನಿಮಿಷ ಫೋಟೊ ತೆಗೆದೆವು. ರಾಮೆನ್ ಕಾಯುವ ಪದಾರ್ಥವಲ್ಲ. ಆದರೆ ಕೆನೆ ಕಟ್ಟಿದ್ದು ನಮ್ಮ ಫೋಟೊದಿಂದಲ್ಲ.

ಹೋಟೆಲಿನ ಹೆಸರು ಹೇಳ್ರಿ ಮೊದಲ.

ಹೇಳುವುದಿಲ್ಲ. ಎರಡು ಬಟ್ಟಲು ತಿಂದು ಒಂದು ಅಂಗಡಿಯ ಹೊಟ್ಟೆ ಮೇಲೆ ಹೊಡೆಯುವುದು ಸರಿಯಲ್ಲ. ಕೆಳಗೆ ಬರೆದಿರುವುದನ್ನು ಓದಿಕೊಂಡರೆ ಯಾವ ಹೋಟೆಲಿಗೆ ಹೋದರೂ ನಿಮಗೇ ಗೊತ್ತಾಗುತ್ತದೆ.

ಕಡ್ಡಿಯಿಂದ ತಿನ್ನಾಕ ಬರಲ್ಲ ನನಗ. ನಗ್ತಾರೇನು?

ಫೋರ್ಕ್ ಕೇಳಿ, ಯಾರೂ ನಗುವುದಿಲ್ಲ. ಜಪಾನಿನಲ್ಲಿ ಸೊರ್ ಸೊರ್ ಅಂತ ಸದ್ದು ಮಾಡಿ ಎಳೆದುಕೊಂಡು ತಿನ್ನುವುದೇ ವಾಡಿಕೆ. ಹಾಗೆ ಎಳೆದರೆ ಗಾಳಿ ತಾಗಿ ಬಿಸಿ ಸ್ವಲ್ಪ ಕಡಿಮೆಯಾಗುತ್ತದೆ, ವಾಸನೆ ಮೂಗಿಗೂ ಹೋಗುತ್ತದೆ. ಬಟ್ಟಲು ಎತ್ತಿ ಸಾರು ಕುಡಿದರೂ ನಡೆಯುತ್ತದೆ. ಸದ್ದಿನ ವಿಷಯದಲ್ಲಿ ನಮ್ಮ ಮದುವೆ ಊಟದ ಪಂಕ್ತಿಯಲ್ಲಿ ಕೂತು ಅಭ್ಯಾಸ ಇದ್ದವರಿಗೆ ಟ್ರೇನಿಂಗ್ ಬೇಕಿಲ್ಲ.

## ಬಟ್ಟಲಿನ ಒಳಗಿನ ಮಾತು

ಅಸಲಿ ಜಪಾನಿ ರುಚಿ ಸಪ್ಪಗೇ ಇರ್ತದ ಅಂತಾರಲ್ಲ? ನಿಮಗ ಗೊತ್ತಾಗಿಲ್ಲ ಅಷ್ಟೇ.

ಇದೇ ಮಾತನ್ನು ಹೋಟೆಲಿನ ಮ್ಯಾನೇಜರ್ ನನಗೆ ಹೇಳಿದ್ದು. "ಸರ್, ಅಥೆಂಟಿಕ್ ಟೇಸ್ಟ್ ಹೀಗೇ ಇರುತ್ತೆ. ನಮ್ಮ ಕಡೆಯವರಿಗೆ ಮಸಾಲೆ ಬೇಕು." ನಾನು ಆ ಕ್ಷಣಕ್ಕೆ ಸುಮ್ಮನಾದೆ. ಮನೆಗೆ ಬಂದ ಮೇಲೆ ಸಿಟ್ಟು ಬಂತು.

ರಾಮೆನ್ ಸಪ್ಪೆ ತಿಂಡಿ ಅಲ್ಲವೇ ಅಲ್ಲ. ಉಪ್ಪು ಜಾಸ್ತಿ, ಜಿಡ್ಡು ಜಾಸ್ತಿ, ರುಚಿ ಗಟ್ಟಿ. ಹೊಕ್ಕೈಡೊ ದ್ವೀಪದ ಸಪ್ಪೊರೊ ಊರಿನಲ್ಲಿ ಚಳಿ ಜಾಸ್ತಿ, ಅಲ್ಲಿ ಮಿಸೊ ಸಾರಿನ ಮೇಲೆ ಬೆಣ್ಣೆ, ಮೆಕ್ಕೆಜೋಳ ಹಾಕುತ್ತಾರೆ. ದಕ್ಷಿಣದ ಫುಕುವೊಕಾ ಕಡೆ ಹಂದಿ ಮೂಳೆ ಹಾಲಿನಂತೆ ಬೆಳ್ಳಗಾಗುವವರೆಗೆ ಕುದಿಸುತ್ತಾರೆ, ಅದು ತೊಂಕೊತ್ಸು. ನಮ್ಮ ಖಾರ ಇರುವುದಿಲ್ಲ, ನಿಜ. ಖಾರ ಇಲ್ಲ ಅನ್ನುವುದಕ್ಕೂ ರುಚಿ ಇಲ್ಲ ಅನ್ನುವುದಕ್ಕೂ ವ್ಯತ್ಯಾಸ ಇದೆ.

ನಮಗೆ ಒಂದು ಹೆದರಿಕೆ ಇದೆ. "ಇದು ಹೀಗೇ ಇರುತ್ತೇನೋ, ನಾವೇ ಹಳ್ಳಿಯವರು, ನಮಗೇ ಗೊತ್ತಿಲ್ಲ" ಅಂದುಕೊಂಡು ನುಂಗಿ ಬರುತ್ತೇವೆ. ರೊಟ್ಟಿ ಸ್ವಲ್ಪ ದಪ್ಪವಾದರೆ ಖಾನಾವಳಿಯಲ್ಲಿ ಎದ್ದು ನಿಂತು ಕೇಳುವ ನಾವು, ಏಸಿ ಹೋಟೆಲಿನಲ್ಲಿ ಆರಿದ ಸಾರಿಗೆ "ಪರವಾಗಿಲ್ಲ" ಅನ್ನುತ್ತೇವೆ. ದರ್ಗಾ ಕಡೆಯ ಹೋಟೆಲುಗಳಲ್ಲಿ ಬೆಳಗ್ಗೆ ಪಾಯಾ ಕುಡಿದ ಊರು ಇದು. ಮೇಕೆ ಕಾಲು ರಾತ್ರಿಯಿಡೀ ಸಣ್ಣ ಉರಿಯಲ್ಲಿ ಕುದಿದು, ತುಟಿಗೆ ತುಟಿ ಅಂಟುವ ಸಾರು. ಮೂಳೆಯಿಂದ ಸಾರು ತೆಗೆಯುವುದು ಅಂದರೆ ಏನು ಅಂತ ನಮಗೆ ಟೋಕಿಯೋದವರು ಹೇಳಬೇಕಿಲ್ಲ. ರಾಮೆನ್ ಸಾರು ಕುಡಿದಾಗ ತುಟಿ ಅಂಟುತ್ತದಾ ನೋಡಿ. ಕೋಳಿ, ಹಂದಿಯ ದಪ್ಪ ಸಾರು ಅಂತ ಹೇಳಿ ಕೊಟ್ಟಿದ್ದು ಅಂಟದಿದ್ದರೆ ಅದರಲ್ಲಿ ಮೂಳೆ ಬೆಂದಿಲ್ಲ.

ಒಳ್ಳೆ ರಾಮೆನ್‌ದಾಗ ಏನೇನ್ ಇರ್ಬೇಕು ಹಾಗಾದ್ರ?

ಮುಖ್ಯವಾಗಿ ಐದು. ಸಾರು, ಅದಕ್ಕೆ ಉಪ್ಪು-ರುಚಿ ಕೊಡುವ ತಾರೆ ಅನ್ನುವ ರಸ, ಮೇಲೆ ತೇಲಿಸುವ ವಾಸನೆಯ ಎಣ್ಣೆ, ನೂಡಲ್ಸ್, ಮೇಲಿನ ಸಾಮಾನು.

ಜನ ಮರೆಯುವುದು ತಾರೆಯನ್ನು. ಸಾರಿಗೆ ಉಪ್ಪು ಹಾಕಿ ಕುದಿಸುವುದಿಲ್ಲ. ಗಟ್ಟಿ ರುಚಿಯ ಈ ರಸವನ್ನು ಮೊದಲು ಖಾಲಿ ಬಟ್ಟಲಿಗೆ ಒಂದೆರಡು ಚಮಚ ಹಾಕಿ, ಮೇಲೆ ಕುದಿಯುವ ಸಾರು ಸುರಿಯುತ್ತಾರೆ. ತಾರೆ ಸೋಯಾ ಸಾಸಿನದ್ದಾದರೆ ಶೋಯು ರಾಮೆನ್, ಉಪ್ಪಿನದ್ದಾದರೆ ಶಿಯೊ, ಹುದುಗಿಸಿದ ಸೋಯಾ ಕಾಳಿನ ಪೇಸ್ಟ್ ಆದರೆ ಮಿಸೊ. ಅಂದರೆ ಸಾರು ಒಂದೇ ಆಗಿದ್ದು ತಾರೆ ಬೇರೆಯಾದರೂ ರುಚಿ ಬೇರೆ ಆಗಲೇಬೇಕು. ನಮ್ಮ ಎರಡು ಬಟ್ಟಲು ಒಂದೇ ರುಚಿ ಇದ್ದವು ಅಂದರೆ ಅಲ್ಲಿ ತಾರೆ ಅನ್ನುವುದೇ ಇರಲಿಲ್ಲ.

ಆ ನೂಡಲ್ಸ್ ಹಳದಿ ಇರ್ತಾವಲ್ಲ, ಮೊಟ್ಟಿ ಹಾಕಿರ್ತಾರಾ? ನಮ್ಮನ್ಯಾಗ ತಿನ್ನಂಗಿಲ್ಲ.

ಹಳದಿ ಬಣ್ಣಕ್ಕೆ ಮೊಟ್ಟೆಯೇ ಬೇಕಂತಿಲ್ಲ. ಹಿಟ್ಟಿಗೆ ಕಾನ್ಸುಯಿ ಅನ್ನುವ ಕ್ಷಾರದ ನೀರು ಸೇರಿಸುತ್ತಾರೆ. ಸೋಡಿಯಂ ಕಾರ್ಬೊನೇಟ್, ಪೊಟ್ಯಾಸಿಯಂ ಕಾರ್ಬೊನೇಟ್ ಅದರಲ್ಲಿ ಇರುತ್ತವೆ. ಗೋಧಿ ಹಿಟ್ಟಿಗೆ ಕ್ಷಾರ ತಾಗಿದರೆ ಹಳದಿ ಆಗುತ್ತದೆ, ಎಳೆ ಜಗ್ಗಿದರೆ ರಬ್ಬರಿನಂತೆ ಹಿಂದಕ್ಕೆ ಬರುತ್ತದೆ, ಬಿಸಿ ಸಾರಿನಲ್ಲೂ ಬೇಗ ಮೆತ್ತಗಾಗುವುದಿಲ್ಲ.

ನಮ್ಮ ಮನೆಗಳಲ್ಲಿ ಹಪ್ಪಳಕ್ಕೆ ಹಾಕುವ ಪಾಪಡಖಾರ ಇದರ ಹತ್ತಿರದ ನೆಂಟ. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಹೊರಸು ಹಾಕಿ ಶ್ಯಾವಗಿ ಒಣಹಾಕಿದ ಅಜ್ಜಿಯರಿಗೆ ಎಳೆ ಅಂದರೆ ಏನು ಅಂತ ಹೊಸದಾಗಿ ಹೇಳಬೇಕಾ?

ಆದರೂ ಕೆಲವರು ಮೊಟ್ಟೆ ಹಾಕಿ ನೂಡಲ್ಸ್ ಮಾಡುತ್ತಾರೆ. ಆದ್ದರಿಂದ ಕೇಳಲೇಬೇಕು. ಪೊಟ್ಟಣದ್ದಾದರೆ ಪೊಟ್ಟಣ ತೋರಿಸಿ ಅಂದರೆ ತಪ್ಪೇನಿಲ್ಲ.

ವೆಜ್ ರಾಮೆನ್ ಖರೇನ ವೆಜ್ ಇರ್ತದೇನ್ರಿ? ಶ್ರಾವಣದಾಗ ತಿನ್ನಬಹುದಾ?

ಮಾಡುವವರು ಮನಸ್ಸು ಮಾಡಿದರೆ ಪೂರ್ತಿ ಶಾಕಾಹಾರಿ ರಾಮೆನ್ ಚೆನ್ನಾಗಿಯೇ ಆಗುತ್ತದೆ. ಕೊಂಬು ಅನ್ನುವ ಸಮುದ್ರದ ಪಾಚಿ, ಒಣ ಶಿಟಾಕೆ ಅಣಬೆ ನೆನೆಸಿದ ನೀರಿನಲ್ಲೇ ಗಟ್ಟಿ ರುಚಿ ಇರುತ್ತದೆ. ಮೇಲೆ ಮಿಸೊ, ಸ್ವಲ್ಪ ಸೋಯಾ ಹಾಲು ಸೇರಿಸಿದರೆ ಸಾರು ದಪ್ಪವಾಗುತ್ತದೆ.

ತೊಂದರೆ ಇರುವುದು ಬೇರೆ ಕಡೆ. ಜಪಾನಿ ಅಡುಗೆಯ ಮೂಲ ಸಾರಿನಲ್ಲಿ ಕತ್ಸುವೊಬುಶಿ ಅನ್ನುವ ಒಣಮೀನಿನ ತುರಿ ಇರುವುದು ಸಾಮಾನ್ಯ. ಮೇಲೆ ತರಕಾರಿ ಕಾಣುತ್ತದೆ, ಕೆಳಗೆ ಮೀನು. ಆಯಿಸ್ಟರ್ ಅನ್ನುವ ಚಿಪ್ಪುಮೀನಿನ ಸಾಸ್, ಕೋಳಿ ಸಾರಿನ ಪುಡಿ ಕೂಡ ಹೀಗೇ ಕದ್ದು ಬರುತ್ತವೆ. "ಇದು ವೆಜ್ಜಾ?" ಅಂತ ಕೇಳಿದರೆ "ಹೌದು ಸರ್" ಅಂತಲೇ ಉತ್ತರ. "ಸಾರಿಗೆ ಏನು ಹಾಕಿ ಕುದಿಸಿದ್ದೀರಿ?" ಅಂತ ಕೇಳಿ. ನಾವು ಕೇಳಿದಾಗ ಹುಡುಗ ಒಳಗೆ ಹೋಗಿ ಬಂದು "ಪೌಡರ್ ಸರ್" ಅಂದ. ಯಾವ ಪೌಡರ್? ಅಡುಗೆಯವನಿಗೂ ಗೊತ್ತಿರಲಿಲ್ಲ. ಹೆಂಡತಿ ಅಲ್ಲಿಗೇ ಚಮಚ ಕೆಳಗಿಟ್ಟಳು.

ನಾವು ಹಲಾಲ್ ನೋಡ್ತೀವಿ. ರಾಮೆನ್ ತಿನ್ನಬಹುದಾ?

ಎರಡು ವಿಷಯ ಕೇಳಿಕೊಳ್ಳಿ. ಹಂದಿ ಮಾಂಸ, ಹಂದಿ ಕೊಬ್ಬು ಏನಾದರೂ ಇದೆಯಾ. ತಾರೆಯಲ್ಲಿ ಮಿರಿನ್ ಅಥವಾ ಸಾಕೆ ಇದೆಯಾ, ಎರಡೂ ಅಕ್ಕಿಯಿಂದ ಮಾಡಿದ ಮದ್ಯದ ಜಾತಿಯವು. ಹಂದಿ ಸಾರಿನ ಬದಲು ಕೋಳಿ ಮೂಳೆ ಹಾಲಿನಂತೆ ಆಗುವವರೆಗೆ ಕುದಿಸಿದ ಸಾರಿಗೆ ತೋರಿ ಪೈತಾನ್ ಅನ್ನುತ್ತಾರೆ. ಅದು ಯಾವ ಲೆಕ್ಕದಲ್ಲೂ ಕಡಿಮೆಯಲ್ಲ.

ಅಜಿನೊಮೊಟೊ ಹಾಕಿರ್ತಾರ, ಆರೋಗ್ಯಕ್ಕ ಕೆಟ್ಟದಲ್ಲ?

ಅಜಿನೊಮೊಟೊ ಹುಟ್ಟಿದ್ದೇ ಇಂಥ ಸಾರಿನಿಂದ. 1908ರಲ್ಲಿ ಕಿಕುನಾಯೆ ಇಕೆಡಾ ಅನ್ನುವ ಟೋಕಿಯೋದ ರಸಾಯನ ಪ್ರೊಫೆಸರ್, ಕೊಂಬು ಪಾಚಿಯ ಸಾರಿನಲ್ಲಿರುವ ರುಚಿ ಏನು ಅಂತ ಹುಡುಕಿ ಗ್ಲುಟಮೇಟ್ ಬೇರ್ಪಡಿಸಿದರು. ಆ ರುಚಿಗೆ ಉಮಾಮಿ ಅಂತ ಹೆಸರಿಟ್ಟರು. ಮರುವರ್ಷ ಅದು ಪುಡಿಯಾಗಿ ಮಾರುಕಟ್ಟೆಗೆ ಬಂತು. ಟೊಮೆಟೊದಲ್ಲೂ ಅದೇ ಗ್ಲುಟಮೇಟ್ ಇದೆ.

ನನಗೆ ಅದಕ್ಕಿಂತ ಹೆದರಿಕೆ ಉಪ್ಪಿನದ್ದು. ಒಂದು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರಾಮೆನ್ ಸಾರನ್ನು ತಳದವರೆಗೆ ಕುಡಿದರೆ ಅಷ್ಟೂ ಒಂದೇ ಊಟದಲ್ಲಿ ಮುಗಿಯಬಹುದು. ಬಿಪಿ ಇರುವವರು ನೂಡಲ್ಸ್ ತಿಂದು ಸಾರು ಬಿಡಿ.

ಪಾರ್ಸಲ್ ತರಿಸಿದ್ರ ನಡೀತದಾ?

ಸಾರು ಬೇರೆ, ನೂಡಲ್ಸ್ ಬೇರೆ ಕಟ್ಟಿ ಕೊಟ್ಟರೆ ಮಾತ್ರ. ಒಟ್ಟಿಗೇ ಕಟ್ಟಿದರೆ ಸೇಡಂ ರೋಡ್ ದಾಟುವುದರೊಳಗೆ ಪಾಯಸ.

ಮೇ ತಿಂಗಳಾಗ, ಈ ಬಿಸಿಲಾಗ, ಬಿಸಿ ಸಾರು ಯಾರ್ ಕುಡೀತಾರ?

43 ಡಿಗ್ರಿಯಲ್ಲಿ ಚಹಾ ಕುಡಿಯುವವರೇ ಕುಡಿಯುತ್ತಾರೆ! ಜಪಾನಿನಲ್ಲೂ ಬೇಸಿಗೆಗೆ ದಾರಿ ಮಾಡಿಕೊಂಡಿದ್ದಾರೆ. ಹಿಯಾಶಿ ಚೂಕಾ ಅಂತ ತಣ್ಣಗಿನ ನೂಡಲ್ಸ್ ಮೇಲೆ ಸೌತೆಕಾಯಿ, ಮೊಟ್ಟೆ ಪಟ್ಟಿ, ಹುಳಿ ರಸ. ತ್ಸುಕೆಮೆನ್ ಅಂತ ಇನ್ನೊಂದು, ನೂಡಲ್ಸ್ ತಣ್ಣಗೆ ಬೇರೆ ಇಟ್ಟು, ಗಟ್ಟಿ ಸಾರಿನಲ್ಲಿ ಅದ್ದಿ ತಿನ್ನುವುದು. ಕಲಬುರಗಿಯಲ್ಲಿ ಹೋಟೆಲ್ ಇಡುವವರು ಏಪ್ರಿಲ್‌ನಿಂದ ಜೂನ್‌ವರೆಗೆ ಇವನ್ನೇ ಮಾಡಿದರೆ ಜನ ಹೋಗುತ್ತಾರೆ ಅಂತ ನನಗೆ ನಂಬಿಕೆ.

## ರೊಕ್ಕದ ಲೆಕ್ಕ

1866 ರೂಪಾಯಿ ಹೆಂಗಾತು? ಬಿಡಿಸಿ ಹೇಳ್ರಿ.

ಚಿಕನ್ ಶೋಯು ರಾಮೆನ್ 549. ವೆಜ್ ಮಿಸೊ ರಾಮೆನ್ 499. ಗ್ಯೋಜಾ ಅಂತ ಐದು ಕಡುಬಿನ ಥರದ್ದು, ಅಂದರೆ ಮೊಮೊ, 329. ಒಂದು ಐಸ್ ಟೀ 179. ನೀರು 60. ಕೂಡಿಸಿದರೆ 1616.

ಅದರ ಮೇಲೆ ಶೇ 10 ಸರ್ವಿಸ್ ಚಾರ್ಜ್, 161 ರೂಪಾಯಿ 60 ಪೈಸೆ. ಆ ಸರ್ವಿಸ್ ಚಾರ್ಜಿನ ಮೇಲೂ ಸೇರಿ ಶೇ 5 ಜಿಎಸ್‌ಟಿ, 88 ರೂಪಾಯಿ 88 ಪೈಸೆ. ಒಟ್ಟು 1866.48. ನಲವತ್ತೆಂಟು ಪೈಸೆ ಬಿಟ್ಟರು, ಅದೊಂದು ಉಪಕಾರ.

ಸರ್ವಿಸ್ ಚಾರ್ಜ್ ಕೊಡಲೇಬೇಕಾ?

ಬೇಡ. ಇದನ್ನು ನಾನು ಮನೆಗೆ ಬಂದ ಮೇಲೆ ಓದಿದ್ದು, ನೀವು ಮೊದಲೇ ಓದಿಕೊಂಡು ಹೋಗಿ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ಹೋಟೆಲಿನವರು ತಾವಾಗಿಯೇ ಬಿಲ್ಲಿಗೆ ಸರ್ವಿಸ್ ಚಾರ್ಜ್ ಸೇರಿಸುವಂತಿಲ್ಲ, ಬೇರೆ ಹೆಸರಿನಲ್ಲೂ ವಸೂಲಿ ಮಾಡುವಂತಿಲ್ಲ, ಕೊಡದವರನ್ನು ಒಳಗೆ ಬಿಡುವುದಿಲ್ಲ ಅನ್ನುವಂತೆಯೂ ಇಲ್ಲ. ಹೋಟೆಲ್ ಸಂಘಗಳು ಕೋರ್ಟಿಗೆ ಹೋದವು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟ್ ಈ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು.

ಕೌಂಟರಿನಲ್ಲಿ ಜಗಳ ಬೇಡ. "ಸರ್ವಿಸ್ ಚಾರ್ಜ್ ತೆಗೆದು ಬಿಲ್ ಕೊಡಿ" ಅಂದರೆ ಸಾಕು. ಬಹಳಷ್ಟು ಸಲ ಅಲ್ಲೇ ತೆಗೆಯುತ್ತಾರೆ. ನಾನು ಹಾಗೆ ಕೇಳಿದ್ದರೆ ಬಿಲ್ 1697ಕ್ಕೆ ಇಳಿಯುತ್ತಿತ್ತು. ಟಿಪ್ ಕೊಡಬೇಕು ಅನ್ನಿಸಿದರೆ ಹುಡುಗನ ಕೈಗೇ ಕೊಡಿ. ಅವತ್ತು ನಮಗೆ ಬಡಿಸಿದ್ದು ಆಳಂದ ಕಡೆಯ ಹುಡುಗ. ಬಾಗಿಲಲ್ಲಿ "ಇರಾಶೈಮಾಸೆ" ಅಂತ ಕೂಗಿ ಸ್ವಾಗತ ಮಾಡಿದ್ದೂ ಅವನೇ. ಬಿಲ್ ಇಟ್ಟು, ಬಗ್ಗಿ, ಮೆಲ್ಲಗೆ "ಊಟ ಸರಿ ಬರಲಿಲ್ಲೇನ್ರಿ ಅಣ್ಣಾರ?" ಅಂದ. ಇಡೀ ಸಂಜೆಯಲ್ಲಿ ಅಲ್ಲಿ ಕೇಳಿದ ಪ್ರಾಮಾಣಿಕ ಮಾತು ಅದೊಂದೇ.

ಜಿಎಸ್‌ಟಿ ಎಷ್ಟಿರ್ಬೇಕು?

ಸಾಮಾನ್ಯ ರೆಸ್ಟೋರೆಂಟಿಗೆ ಶೇ 5. ಏಸಿ ಇದ್ದರೂ ಅಷ್ಟೇ. ದೊಡ್ಡ ಸ್ಟಾರ್ ಹೋಟೆಲಿನ ಒಳಗಿನ ರೆಸ್ಟೋರೆಂಟುಗಳಲ್ಲಿ ಶೇ 18 ಇರಬಹುದು. ಇನ್ನು ಕಾಂಪೊಸಿಷನ್ ಪದ್ಧತಿಗೆ, ಅಂದರೆ ಒಟ್ಟು ವಹಿವಾಟಿನ ಮೇಲೆ ತಾವೇ ಸಣ್ಣ ದರದ ತೆರಿಗೆ ಕಟ್ಟುವ ಪದ್ಧತಿಗೆ, ಸೇರಿದ ಸಣ್ಣ ಹೋಟೆಲುಗಳು ಗಿರಾಕಿಯಿಂದ ಜಿಎಸ್‌ಟಿ ತೆಗೆದುಕೊಳ್ಳುವಂತೆಯೇ ಇಲ್ಲ. ಬಿಲ್ಲಿನಲ್ಲಿ ಜಿಎಸ್‌ಟಿ ನಂಬರ್ ಇದೆಯಾ, ಆಹಾರ ಸುರಕ್ಷತೆಯ ಲೈಸೆನ್ಸಿನ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇದೆಯಾ ಒಮ್ಮೆ ಕಣ್ಣಾಡಿಸಿ.

20 ರೂಪಾಯಿ ನೀರಿಗೆ 60 ತಗೊಂಡಾರ. ಎಂಆರ್‌ಪಿಗಿಂತ ಜಾಸ್ತಿ ತಗೊಳ್ಳೋದು ತಪ್ಪಲ್ಲ?

ಅಂಗಡಿಯಲ್ಲಿ ತಪ್ಪು. ಕೂರಿಸಿ ಬಡಿಸುವ ಹೋಟೆಲಿನಲ್ಲಿ ಮಾತ್ರ 2017ರಲ್ಲಿ ಸುಪ್ರೀಂ ಕೋರ್ಟ್ ಹೋಟೆಲಿನವರ ಪರ ಹೇಳಿದೆ. ಅಲ್ಲಿ ಬರೀ ಬಾಟಲಿ ಅಲ್ಲ, ಜಾಗ ಮತ್ತು ಸೇವೆಯೂ ಸೇರಿದೆ ಅಂತ. ನನಗೆ ಇಷ್ಟವಾಗಲಿಲ್ಲ, ಆದರೆ ಇರುವುದು ಹಾಗೆ. ಕೂತ ಕೂಡಲೇ "ಫಿಲ್ಟರ್ ನೀರು ಕೊಡಪ್ಪಾ" ಅನ್ನಿ. ಹುಡುಗ ಬಾಟಲಿ ಮುಚ್ಚಳ ತಿರುಗಿಸುವ ಮೊದಲೇ ಅನ್ನಿ.

ಜಪಾನಿನಾಗ ಎಷ್ಟದ ಇದರ ರೇಟು?

ಇದನ್ನು ಕೇಳಿದರೆ ಹೊಟ್ಟೆ ಉರಿಯುತ್ತದೆ. ಅಲ್ಲಿ "ಸಾವಿರ ಯೆನ್ ಗೋಡೆ" ಅನ್ನುವ ಮಾತೇ ಇದೆ. ಒಂದು ಬಟ್ಟಲಿಗೆ ಸಾವಿರ ಯೆನ್ ದಾಟಿದರೆ ಗಿರಾಕಿ ಬರುವುದಿಲ್ಲ ಅಂತ ಅಂಗಡಿಯವರು ವರ್ಷಗಟ್ಟಲೆ ಹೆದರಿಕೊಂಡಿದ್ದರು. ಈಚೆಗೆ ಸಾಮಾನಿನ ಬೆಲೆ ಏರಿ ಕೆಲವರು ಆ ಗೋಡೆ ಹಾರಿದ್ದಾರೆ. ಸಾವಿರ ಯೆನ್ ಅಂದರೆ ಈಚಿನ ದರದಲ್ಲಿ ಸುಮಾರು 550ರಿಂದ 600 ರೂಪಾಯಿ. ಅಂದರೆ ಟೋಕಿಯೋದ ಬಾಡಿಗೆ, ಟೋಕಿಯೋದ ಸಂಬಳ ಕೊಟ್ಟು ಮಾಡುವ ಬಟ್ಟಲಿನ ರೇಟನ್ನೇ ನಾವು ಕಲಬುರಗಿಯಲ್ಲಿ ಕೊಟ್ಟು ಬಂದೆವು.

ಹೋಟೆಲಿನವರ ಕಡೆಯಿಂದಲೂ ನೋಡಬೇಕು. ಮಿಸೊ, ನೋರಿ ಅನ್ನುವ ಪಾಚಿಯ ಹಾಳೆ, ಕೊಂಬು ಎಲ್ಲ ಹೊರದೇಶದ್ದು. ಹೈದರಾಬಾದಿನಿಂದಲೋ ಬೆಂಗಳೂರಿನಿಂದಲೋ ತರಿಸಬೇಕು. ಗಿರಾಕಿ ಕಡಿಮೆ ಇದ್ದರೆ ಕುದಿಸಿದ ಸಾರು ಚೆಲ್ಲಬೇಕು. ಬಾಡಿಗೆ, ಏಸಿ, ಬಣ್ಣದ ದೀಪ. ಇಷ್ಟೆಲ್ಲ ಇದ್ದರೂ ಒಂದು ಮಾತು ಉಳಿಯುತ್ತದೆ. ಕೋಳಿ ಮೂಳೆ, ಕೋಳಿ ಕಾಲು ನಮ್ಮೂರಿನಲ್ಲೇ ಅಗ್ಗಕ್ಕೆ ಸಿಗುತ್ತವೆ. ಬಟ್ಟಲಿನ ಜೀವ ಇರುವುದು ಅದರಲ್ಲಿ. ಗೋಡೆಗೆ ಲಕ್ಷ ಸುರಿದು ಮೂಳೆಯಲ್ಲಿ ಉಳಿತಾಯ ಮಾಡಿದರೆ ಹೇಗೆ?

## ಸ್ವಲ್ಪ ಆಳದ ಪ್ರಶ್ನೆಗಳು

ಆರ್ಡರ್ ಮಾಡೋಕ್ಕಿಂತ ಮೊದಲೇ ಗೊತ್ತಾಗೋ ಹಂಗ ಏನರ ಗುರುತು ಅದಾವಾ?

ಮೆನು ತೂಕ ನೋಡಿ. ರಾಮೆನ್, ಪಿಜ್ಜಾ, ಬಿರಿಯಾನಿ, ಸಿಜ್ಲರ್ ಎಲ್ಲ ಒಂದೇ ಅಡುಗೆ ಮನೆಯಲ್ಲಿ ಇದ್ದರೆ ಯಾವುದಕ್ಕೂ ದಿನವಿಡೀ ಪಾತ್ರೆ ಇಟ್ಟಿರುವುದಿಲ್ಲ. ಪಕ್ಕದ ಟೇಬಲ್ಲಿಗೆ ಹೋಗುವ ಬಟ್ಟಲಿನಿಂದ ಹೊಗೆ ಬರುತ್ತಿದೆಯಾ ನೋಡಿ. ಆಮೇಲೆ ಎರಡು ಪ್ರಶ್ನೆ ಕೇಳಿ: ಸಾರು ಎಷ್ಟು ಹೊತ್ತು ಕುದಿಸುತ್ತೀರಿ, ಮೊಟ್ಟೆ ಹಳದಿ ಮೆತ್ತಗೆ ಇರುತ್ತದಾ. ಉತ್ತರ ತಪ್ಪಾದರೂ ಪರವಾಗಿಲ್ಲ, ಉತ್ತರ ಕೊಡುವ ಮುಖ ನೋಡಿದರೆ ಸಾಕು.

ಮೂವರು ಹೋಗಿದ್ದರೆ ಮೊದಲು ಒಂದೇ ಬಟ್ಟಲು ಹೇಳಿ. ಚೆನ್ನಾಗಿದ್ದರೆ ಮುಂದಿನದು. ನಾವು ಇದನ್ನು ಮಾಡಲಿಲ್ಲ.

ಆರಿದ ಸಾರು ವಾಪಸ್ ಕಳಿಸಬಹುದಾ? ಏನಂತ ಹೇಳೋದು?

ಕಳಿಸಬಹುದು, ಆದರೆ ಮೊದಲೆರಡು ತುತ್ತಿನಲ್ಲೇ. ಮುಕ್ಕಾಲು ತಿಂದು ಕಳಿಸಿದರೆ ನಮ್ಮ ಮಾತಿಗೆ ಬೆಲೆ ಇಲ್ಲ. "ಚೆನ್ನಾಗಿಲ್ಲ" ಅಂದರೆ ಅದು ವಾದಕ್ಕೆ ದಾರಿ. "ಸಾರು ತಣ್ಣಗಿದೆ, ನೂಡಲ್ಸ್ ಮುದ್ದೆಯಾಗಿದೆ, ಬೇರೆ ಮಾಡಿಕೊಡಿ" ಅಂದರೆ ಅದು ಕಣ್ಣಿಗೆ ಕಾಣುವ ವಿಷಯ. ಬರೀ ಮೈಕ್ರೊವೇವ್‌ನಲ್ಲಿಟ್ಟು ತಂದರೆ ಬೇಡ ಅನ್ನಿ, ನೂಡಲ್ಸ್ ಇನ್ನೂ ಕರಗಿ ಹೋಗುತ್ತದೆ. ನಾನು ಅವತ್ತು ಹೇಳಿದ್ದು "ಸ್ವಲ್ಪ ಒಂಥರಾ ಇದೆ" ಅಂತ. ಅದಕ್ಕೇ ಅಥೆಂಟಿಕ್ ಉತ್ತರ ಸಿಕ್ಕಿತು.

ಗ್ರಾಹಕರ ಕೋರ್ಟಿಗೆ ಹೋಗಬಹುದಾ ಇದಕ್ಕ?

ರುಚಿ ಇಲ್ಲ ಅಂತ ಹೋಗಬೇಡಿ. ರುಚಿ ಅಳೆಯುವ ತಕ್ಕಡಿ ಅಲ್ಲಿ ಇಲ್ಲ. ಒತ್ತಾಯದ ಸರ್ವಿಸ್ ಚಾರ್ಜ್, ತಪ್ಪು ತೆರಿಗೆ, ವೆಜ್ ಅಂತ ಹೇಳಿ ಮಾಂಸದ ಸಾರು ಕೊಡುವುದು, ಹಳಸಿದ ಊಟ, ಇವಕ್ಕೆ ದಾರಿ ಇದೆ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಬಹಳ ವಿಷಯ ಅಲ್ಲೇ ಮುಗಿಯುತ್ತವೆ. ಮುಗಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಕೊಟ್ಟ ಮೊತ್ತ 5 ಲಕ್ಷದ ಒಳಗಿದ್ದರೆ ದೂರಿಗೆ ಶುಲ್ಕ ಇಲ್ಲ, ವಕೀಲರು ಬೇಕೇ ಬೇಕು ಅಂತಲೂ ಇಲ್ಲ. ಬಿಲ್ ಮಾತ್ರ ಕಳೆದುಕೊಳ್ಳಬೇಡಿ. ಆ ತೆಳು ಕಾಗದದ ಅಕ್ಷರ ಅಳಿಸಿ ಹೋಗುತ್ತದೆ, ಅವತ್ತೇ ಫೋಟೊ ತೆಗೆದಿಡಿ.

ಊರಿಗೆ ಹೊಸದೇನರ ಬಂದ್ರ ಬೆನ್ನು ತಟ್ಟಬೇಕ್ರಿ. ನೀವು ಬೈತೀರಲ್ಲ?

ಪತ್ರ ಬರೆದವರು ಕೇಳಿದ್ದು ಇದನ್ನೇ. ಅರ್ಧ ಒಪ್ಪುತ್ತೇನೆ. ರಾಮೆನ್ ಬೇಕು ಅಂದರೆ ಹೈದರಾಬಾದಿಗೆ ರೈಲು ಹತ್ತಬೇಕಿದ್ದ ಊರಿನಲ್ಲಿ ಒಬ್ಬರು ಧೈರ್ಯ ಮಾಡಿ ಬಾಗಿಲು ತೆರೆದರು ಅಂದರೆ ಅದು ಸಣ್ಣ ವಿಷಯವಲ್ಲ. ನನಗೂ ಅದು ಉಳಿಯಲಿ ಅಂತಲೇ ಇದೆ.

ಆದರೆ ಬೆನ್ನು ತಟ್ಟುವುದು ಅಂದರೆ ಸುಳ್ಳು ಹೇಳುವುದಲ್ಲ. ಎಲ್ಲರೂ "ಸೂಪರ್" ಅಂತ ಹೇಳಿ ಒಂದೇ ಸಲ ಹೋಗಿ ಬಂದು ಮತ್ತೆ ಆ ಕಡೆ ತಿರುಗದಿದ್ದರೆ ಹೋಟೆಲ್ ಆರು ತಿಂಗಳಲ್ಲಿ ಮುಚ್ಚುತ್ತದೆ. ಯಾಕೆ ಮುಚ್ಚಿತು ಅಂತ ಮಾಲೀಕರಿಗೂ ಗೊತ್ತಾಗುವುದಿಲ್ಲ. "ಕಲಬುರಗಿ ಜನಕ್ಕೆ ಟೇಸ್ಟ್ ಇಲ್ಲ" ಅಂತ ಹೇಳಿ ಹೋಗುತ್ತಾರೆ. ಆ ಮಾತು ಕೇಳಿಸಿಕೊಳ್ಳಲು ನಾನು ತಯಾರಿಲ್ಲ. ತೊಗರಿ ಬೇಳೆಗೆ ಜಿಐ ಗುರುತು, ಅಂದರೆ ಈ ಊರಿನದ್ದೇ ವಿಶೇಷ ಅನ್ನುವ ಸರ್ಕಾರಿ ಗುರುತು, ಪಡೆದ ಊರಿನವರು ನಾವು, ಬೇಳೆ ಯಾವ ಹೊಲದ್ದು ಅಂತ ಸಾರಿನಲ್ಲೇ ಹೇಳುವವರು ನಮ್ಮ ಮನೆಗಳಲ್ಲಿ ಇದ್ದಾರೆ.

ಮನ್ಯಾಗ ಮಾಡಾಕ ಬರ್ತದೇನು? ನಮ್ಮ ಊರಾಗ ಸಿಗೋ ಸಾಮಾನಿನಾಗ?

ಬರುತ್ತದೆ. ನಾಲ್ಕು ಸಲ ಮಾಡಿದ್ದೇನೆ, ಮೂರನೇದರಿಂದ ತಿನ್ನುವ ಹಾಗಾಯಿತು.

ಚಿಕನ್ ಸೆಂಟರಿನಲ್ಲಿ ಒಂದು ಕಿಲೊ ಮೂಳೆ, ಕತ್ತು, ಕಾಲು ಕೇಳಿ ತನ್ನಿ. ಕಾಲು ಇರಲೇಬೇಕು, ಸಾರು ಅಂಟಾಗುವುದು ಅದರಿಂದ. ಒಮ್ಮೆ ಕುದಿಸಿ, ನೊರೆ ಬಂದ ನೀರು ಚೆಲ್ಲಿ, ತೊಳೆಯಿರಿ. ಆಮೇಲೆ ಎರಡೂವರೆ ಲೀಟರ್ ನೀರು, ಶುಂಠಿ, ಬೆಳ್ಳುಳ್ಳಿ, ಈರುಳ್ಳಿ ಸೊಪ್ಪು ಹಾಕಿ ಕುಕ್ಕರಿನಲ್ಲಿ ಸಣ್ಣ ಉರಿಯಲ್ಲಿ ಒಂದೂವರೆ ಗಂಟೆ. ಕುಕ್ಕರ್ ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ತುಂಬಬೇಡಿ. ಅರಿಶಿನ, ಮಸಾಲೆ ಏನೂ ಬೇಡ. ಕೈ ತಡೆಯುವುದಿಲ್ಲ, ಆದರೂ ತಡೆಯಿರಿ.

ತಾರೆಗೆ ಲೈಟ್ ಸೋಯಾ ಸಾಸ್ ಅರ್ಧ ಲೋಟ, ಜಜ್ಜಿದ ಬೆಳ್ಳುಳ್ಳಿ, ಸಣ್ಣ ತುಂಡು ಬೆಲ್ಲ. ಒಂದು ಕುದಿ ಬಂದರೆ ಸಾಕು. ಡಾರ್ಕ್ ಸೋಯಾ ಹಾಕಿದರೆ ಮತ್ತೆ ಮಂಚೌ ಆಗುತ್ತದೆ.

ನೂಡಲ್ಸಿಗೆ ನನ್ನ ಗುಟ್ಟು ಅಡುಗೆ ಸೋಡಾ. ತೆಳು ಸ್ಪಗೆಟಿಯನ್ನೋ ಗೋಧಿ ನೂಡಲ್ಸನ್ನೋ ಬೇಯಿಸುವ ನೀರಿಗೆ ಲೀಟರಿಗೆ ಎರಡು ಚಹಾ ಚಮಚ ಸೋಡಾ ಹಾಕಿ. ನೊರೆ ಉಕ್ಕುತ್ತದೆ, ದೊಡ್ಡ ಪಾತ್ರೆ ಇರಲಿ. ಕ್ಷಾರ ತಾಗಿ ಹಳದಿಯಾಗಿ ಜಿಗಿ ಬರುತ್ತದೆ. ಮೊಟ್ಟೆ ಕುದಿಯುವ ನೀರಿನಲ್ಲಿ ಆರೂವರೆ ನಿಮಿಷ, ತಕ್ಷಣ ಐಸ್ ನೀರಿಗೆ. ಸುಲಿದು, ನೀರು ಬೆರೆಸಿದ ಸೋಯಾ ಸಾಸಿನಲ್ಲಿ ರಾತ್ರಿ ಫ್ರಿಜ್ಜಿನಲ್ಲಿ ಇಡಿ.

ಬಡಿಸುವಾಗ ಓಡಬೇಕು. ಬಟ್ಟಲಿಗೆ ಮೊದಲು ಬಿಸಿನೀರು ಹಾಕಿ ಕಾಯಿಸಿ ಚೆಲ್ಲಿ. ಎರಡು ದೊಡ್ಡ ಚಮಚ ತಾರೆ, ಮೇಲೆ ಕುದಿಯುವ ಸಾರು, ಬಸಿದ ನೂಡಲ್ಸ್, ಮೊಟ್ಟೆ, ಈರುಳ್ಳಿ ಸೊಪ್ಪು. ಕೊನೆಗೆ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಒಂದು ಚಮಚ. ನಮ್ಮತ್ತೆ ಮೇಲೆ ಶೇಂಗಾ ಹಿಂಡಿ ಉದುರಿಸಿಕೊಂಡು ತಿಂದರು. ಮೊದಲು ನಕ್ಕೆ, ಆಮೇಲೆ ನಾನೂ ಉದುರಿಸಿಕೊಂಡೆ. ಗ್ಯಾಸಿನ ಖರ್ಚು ಬಿಟ್ಟು ಬಟ್ಟಲಿಗೆ ನೂರು ರೂಪಾಯಿ ದಾಟಲಿಲ್ಲ.

ಮತ್ತ ಆ ಹೋಟೆಲಿಗೆ ಹೋಗ್ತೀರಾ?

ಹೋಗಿ ಬಂದೆ. ಜುಲೈನಲ್ಲಿ, ಮಳೆ ಹಿಡಿದ ಒಂದು ಬುಧವಾರ ಮಧ್ಯಾಹ್ನ, ಒಬ್ಬನೇ. ಒಂದೇ ಬಟ್ಟಲು, ಫಿಲ್ಟರ್ ನೀರು. ಆಳಂದದ ಹುಡುಗ ಗುರುತು ಹಿಡಿದ. ಜಪಾನಿ ಸ್ವಾಗತ ಬಿಟ್ಟು "ಬರ್ರಿ ಅಣ್ಣಾರ" ಅಂದ. ಮೆನುವಿನಲ್ಲಿ ಪಿಜ್ಜಾ ಪುಟ ಹರಿದು ತೆಗೆದಿದ್ದರು, ಪಿನ್ ಹಾಗೇ ಉಳಿದಿತ್ತು. ಬಿಲ್ಲಿನಲ್ಲಿ ಸರ್ವಿಸ್ ಚಾರ್ಜಿನ ಸಾಲು ಇರಲಿಲ್ಲ. ಸಾರು ಬಿಸಿ ಇತ್ತು, ಚಮಚ ಊದಿ ಕುಡಿಯುವಷ್ಟು. ತುಟಿ ಇನ್ನೂ ಅಂಟಲಿಲ್ಲ. ಮೊಟ್ಟೆ ಅರ್ಧ ಮಾಡಿ ಇಟ್ಟಿದ್ದರು, ಹಸಿರು ಉಂಗುರ ಹಾಗೇ ಇತ್ತು. ಈ ಸಲ ಹುಡುಗನನ್ನು ಕರೆದು ತೋರಿಸಿದೆ. "ಎಷ್ಟು ನಿಮಿಷ ಇಡ್ತೀರಿ?" ಅಂದೆ. ಒಳಗೆ ಹೋಗಿ ಬಂದು ಹೇಳಿದ: "ಟೈಮ್ ನೋಡಿಲ್ಲಂತ್ರಿ. ನಾಳಿಂದ ನೋಡ್ತಾರಂತ."